ಭಕ್ಷ್ಯ, ಭೋಜ್ಯ, ಲೇಹ್ಯ, ಹಿಚ್‌ಕಾಕ್

ಆಲ್‌ಫ್ರೆಡ್ ಹಿಚ್‌ಕಾಕನ ಅತ್ಯುತ್ತಮ ಚಿತ್ರ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆಲವರು ಕ್ಯಾಮೆರಾ ಹಿಡಿದು ಹೊರಟರು, ಕೆಲವರು ಫ್ರಾಯ್ಡನನ್ನು ಕರೆತಂದರು. ಪಾತ್ರಗಳು ತಿಂದದ್ದೇನು, ಕುಡಿದದ್ದೇನು ಎಂಬ ಮೂಲಭೂತ ಪ್ರಶ್ನೆಯನ್ನು ಪಂಕ್ತಿಯ ಕೊನೆಗೆ ಕೂರಿಸಿದರು. ಆ ಅನ್ಯಾಯವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಪ್ರಮಾಣ. ಹಿಚ್‌ಕಾಕ್ 1899ರಲ್ಲಿ ಲಂಡನ್ನಿನ ಲೇಟನ್‌ಸ್ಟೋನ್‌ನಲ್ಲಿ ಹುಟ್ಟಿದ್ದು ತರಕಾರಿ ವ್ಯಾಪಾರಿಯ ಮನೆಯಲ್ಲಿ. ಎರಡನೆಯ ಪ್ರಮಾಣ ಆತನ ದೇಹ. ಅದನ್ನು ತನ್ನ ಬಹುತೇಕ ಚಿತ್ರಗಳಲ್ಲಿ ಆತನೇ ಒಂದು ಕ್ಷಣ ಹಾಜರುಪಡಿಸಿದ್ದಾನೆ. ನಡುಗಡಲಿನ ದೋಣಿಯಲ್ಲೇ ನಡೆಯುವ ‘ಲೈಫ್‌ಬೋಟ್’ನಲ್ಲಿ (1944) ಬರಲು ದಾರಿ ಕಾಣದೆ, ಹಳೇ ಪತ್ರಿಕೆಯೊಂದರಲ್ಲಿ ತೂಕ ಇಳಿಸುವ ಔಷಧದ ಜಾಹೀರಾತಾಗಿ ಬಂದ.

ಇನ್ನು ವರ್ಗೀಕರಣ. ಪೇಯವರ್ಗದಲ್ಲಿ ಹಾಲು ಮೊದಲು. ನಮ್ಮ ಸಿನಿಮಾಗಳ ಪ್ರಸ್ತದ ಕೋಣೆಗೆ ಹಾಲಿನ ಲೋಟ ವಧುವಿನ ಕೈಯಲ್ಲಿ ಬಂದರೆ ‘ಸಸ್ಪಿಷನ್’ನಲ್ಲಿ (1941) ಗಂಡ ಕ್ಯಾರಿ ಗ್ರಾಂಟ್ ಅದನ್ನು ಹಿಡಿದು ಕತ್ತಲ ಮೆಟ್ಟಿಲು ಹತ್ತುತ್ತಾನೆ. ನೋಡುವವರ ಕಣ್ಣು ಬೇರೆಲ್ಲೂ ಹೋಗಬಾರದೆಂದು ಹಿಚ್‌ಕಾಕ್ ಲೋಟದೊಳಗೆ ಬಲ್ಬು ಇಡಿಸಿದ್ದ. ಹೆಂಡತಿ ಜೋನ್ ಫಾಂಟೇನ್ ಆ ಹಾಲನ್ನು ಮುಟ್ಟಲಿಲ್ಲ, ಆಸ್ಕರ್ ಬಂತು. ‘ನಟೋರಿಯಸ್’ನಲ್ಲಿ (1946) ಇಂಗ್ರಿಡ್ ಬರ್ಗ್‌ಮನ್ ಅತ್ತೆಮನೆಯ ಕಾಫಿಯನ್ನು ದಿನವೂ ಕುಡಿದಳು. ಅದರಲ್ಲಿ ವಿಷ. ಪರದೆಯ ಮುಂಭಾಗದಲ್ಲಿ ಕಪ್ಪು ದೊಡ್ಡದಾಗಿ ಕೂತಿರುತ್ತದೆ, ಹಿಂದೆ ಆಕೆ ಸಣ್ಣಗೆ ಬಾಡುತ್ತಿರುತ್ತಾಳೆ. ಅತ್ತೆ ಸುಮ್ಮನೆ ಕಸೂತಿ ಹಾಕುತ್ತಾಳೆ. ಆಸ್ಕರ್ ಬರಲಿಲ್ಲ. ಇವೆರಡರಿಂದ ಸಿದ್ಧವಾಗುವ ನಿಯಮವನ್ನು ನಟಿಯರಾಗಬಯಸುವವರು ಗಮನಿಸಬೇಕು. (ಪ್ರಬಂಧಕಾರನ ಸ್ವಂತ ಒಲವು ‘ನಟೋರಿಯಸ್’ ಕಡೆಗೇ. ಆದರೆ ಒಲವಿಗೆ ಶಾಸ್ತ್ರದಲ್ಲಿ ಎಡೆಯಿಲ್ಲ.)

ಭೋಜ್ಯವರ್ಗಕ್ಕೆ ‘ರೋಪ್’ (1948) ಒಂದೇ ಸಾಕು: ಗೆಳೆಯನನ್ನು ಕೊಂದು ಪೆಟ್ಟಿಗೆಗೆ ಹಾಕಿ, ಅದರ ಮೇಲೇ ಊಟ ಬಡಿಸಿ, ಸತ್ತವನ ತಂದೆಯನ್ನೇ ಕರೆಯುತ್ತಾರೆ. ಲೇಹ್ಯವರ್ಗದಲ್ಲಿ ‘ಸೈಕೋ’ (1960) ಬರುವುದಕ್ಕೆ ಕೆಲವರು ಹುಬ್ಬೇರಿಸಬಹುದು. ಆ ಬಚ್ಚಲಿನಲ್ಲಿ ಹರಿದ ರಕ್ತ ಚಾಕಲೇಟ್ ಸಿರಪ್ ಎಂದು ತಿಳಿದರೆ ಹುಬ್ಬು ಇಳಿದೀತು.

ಭಕ್ಷ್ಯವರ್ಗದ ಶಿಖರ, ಹಾಗಾಗಿ ಒಟ್ಟಾರೆ ಶಿಖರವೂ, ‘ಫ್ರೆಂಜಿ’ (1972). ಕೊಲೆಗಾರ ಕೋವೆಂಟ್ ಗಾರ್ಡನ್ನಿನ ಹಣ್ಣಿನ ವ್ಯಾಪಾರಿ; ಹೆಣವನ್ನು ಆಲೂಗಡ್ಡೆ ಮೂಟೆಗೆ ತುಂಬಿ ಲಾರಿಗೇರಿಸುತ್ತಾನೆ. ಆಮೇಲೆ ನೋಡಿದರೆ ತನ್ನ ಟೈ ಪಿನ್ ಹೆಣದ ಮುಷ್ಟಿಯಲ್ಲಿ! ಲಾರಿ ಹೊರಟೇಬಿಡುತ್ತದೆ. ಆತ ಗಡ್ಡೆಗಳ ರಾಶಿಯಲ್ಲಿ ಉರುಳುತ್ತ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಮುರಿಯುತ್ತಾನೆ. ಇತ್ತ ಇನ್‌ಸ್ಪೆಕ್ಟರ್ ಈ ವಿಷಯವನ್ನೇ ಮನೆಯಲ್ಲಿ ವಿವರಿಸುವಾಗ, ಫ್ರೆಂಚ್ ಅಡುಗೆ ಕಲಿಯುತ್ತಿರುವ ಹೆಂಡತಿ ಕೈಲಿದ್ದ ಬ್ರೆಡ್ ಕಡ್ಡಿಯನ್ನು ಲಟಕ್ಕನೆ ಮುರಿಯುತ್ತಾಳೆ. ಆಕೆ ಬಡಿಸಿದ ಹಂದಿ ಕಾಲಿನ ಜೊತೆ ಗಂಡ ಪಡುವ ಪಾಡಿನಿಂದ ಚೋಷ್ಯವರ್ಗವೂ ತುಂಬಿತು. ತರಕಾರಿ ಅಂಗಡಿಯ ಮಗನಿಗಲ್ಲದೆ ಇನ್ನಾರಿಗೆ ಇದು ಸಾಧ್ಯ?

ಇಲ್ಲಿ ಪೂರ್ವಪಕ್ಷ: “2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ವಿಮರ್ಶಕರು ಜಗತ್ತಿನ ಸರ್ವಶ್ರೇಷ್ಠ ಚಿತ್ರವೆಂದು ಆರಿಸಿದ್ದು ಹಿಚ್‌ಕಾಕನದೇ ‘ವರ್ಟಿಗೊ’ವನ್ನಲ್ಲವೇ? ಅದರಲ್ಲಿ ನಾಯಕ ಅರ್ನೀಸ್ ಹೋಟೆಲಿಗೆ ಹೋದರೂ ಅವನ ಕಣ್ಣೆಲ್ಲ ಒಬ್ಬ ಹೆಂಗಸಿನ ಮೇಲೆ, ತಟ್ಟೆಯ ಮೇಲಲ್ಲ.”

ಸಮಾಧಾನ: ಹೌದು, ಆರಿಸಿದ್ದರು. ಅದೇ ಪತ್ರಿಕೆ 2022ರಲ್ಲಿ ಮತ್ತೆ ಮತ ಕೇಳಿದಾಗ ‘ವರ್ಟಿಗೊ’ ಎರಡನೆಯ ಸ್ಥಾನಕ್ಕೆ ಇಳಿಯಿತು. ಅದನ್ನು ಇಳಿಸಿದ್ದು ಶಾಂತಾಲ್ ಆಕರ್‌ಮನ್ನಳ ‘ಜೀನ್ ಡೀಲ್‌ಮನ್’. ಮೂರು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಬ್ರಸೆಲ್ಸಿನ ಒಬ್ಬ ವಿಧವೆ ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆ ಸಿಪ್ಪೆ ಹೆರೆಯುತ್ತಾಳೆ. ಪೂರ್ವಪಕ್ಷದವರು ಇನ್ನು ಊಟಕ್ಕೆ ಏಳಬಹುದು.