ದ್ಯೂತಾಧಿಕಾರ ನಿರ್ಣಯ: ಕೊಡಗಿನ ಬೆಳೆಗಾರರಿಗೆ ಅನ್ವಯಿಸಿದಂತೆ

ಯಾರು ಯಾವ ಜೂಜಿಗೆ ಅಧಿಕಾರಿ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಧರ್ಮರಾಯನ ಕಾಲದಿಂದಲೂ ಇತ್ಯರ್ಥ ಮಾಡದೆ ಬಿಟ್ಟಿದ್ದಾರೆ. ಶಕುನಿಯ ದಾಳದಲ್ಲಿ ಏರಿಳಿತವೇ ಇರಲಿಲ್ಲ, ಬರೀ ಇಳಿತವಿತ್ತು ಎಂಬುದನ್ನು ಒಬ್ಬ ವ್ಯಾಖ್ಯಾನಕಾರನೂ ಗಮನಿಸಿದಂತಿಲ್ಲ. ಈ ಕೊರತೆ ನೀಗಲೆಂದೇ ಪ್ರಸ್ತುತ ಪ್ರಬಂಧ.

ಮೊದಲು ಗೋವಾದ ಕ್ಯಾಸಿನೊಗಳ ದೃಷ್ಟಾಂತ. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆ. ಕೆಂಪಿಗೆ ಕಟ್ಟಿದರೂ ಒಂಟಿ ಸಂಖ್ಯೆಗೆ ಕಟ್ಟಿದರೂ ಸರಾಸರಿಯಲ್ಲಿ ನೂರಕ್ಕೆ 2 ರೂಪಾಯಿ 70 ಪೈಸೆ ಹೋಗಿಯೇ ಹೋಗುತ್ತದೆ. ಆದರೆ ಕೆಂಪು ಗೆದ್ದರೆ ಕಟ್ಟಿದಷ್ಟೇ ಲಾಭ, ಒಂಟಿ ಸಂಖ್ಯೆ ಗೆದ್ದರೆ 35 ಪಟ್ಟು. ಲೆಕ್ಕದವರ ಅಳತೆಯಲ್ಲಿ ಎರಡನೆಯದರ ಹೊಯ್ದಾಟ ಮೊದಲನೆಯದರ ಸುಮಾರು ಆರರಷ್ಟು. ಅಂದರೆ ಸೋಲು ಖಾತ್ರಿ. ಮೆಲ್ಲಗೆ ಸೋಲಬೇಕೋ ಧಡಕ್ಕನೆ ಸೋಲಬೇಕೋ ಎಂಬುದಷ್ಟೇ ಆಟಗಾರನ ಕೈಯಲ್ಲಿದೆ.

ಪೂರ್ವಪಕ್ಷ: ಕೊಡಗಿನ ಮರ್ಯಾದಸ್ಥರು ಜೂಜಾಡುವುದಿಲ್ಲ, ಹೆಚ್ಚೆಂದರೆ ಕ್ಲಬ್ಬಿನಲ್ಲಿ ರಮ್ಮಿ. ರಮ್ಮಿ ಬರೀ ಅದೃಷ್ಟದಾಟವಲ್ಲ, ಮೂರೆಲೆಯಂಥದ್ದಲ್ಲ ಎಂದು ಸುಪ್ರೀಂ ಕೋರ್ಟೇ 1967ರಲ್ಲಿ ಹೇಳಿದೆಯಲ್ಲ?

ಸಿದ್ಧಾಂತ: ಸರಿ. ಆದರೆ ಆ ಮರ್ಯಾದಸ್ಥರಿಗೆ ತೋಟವಿದೆ.

ಕಾಫಿ ಮಂಡಳಿಯ ಪೂಲ್ ಕಾಲದಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಗೊಣಗದ ಬೆಳೆಗಾರನಿರಲಿಲ್ಲ, ಆದರೆ ನಿದ್ದೆಗೆಟ್ಟವರು ಕಡಿಮೆ. ತೊಂಬತ್ತರ ದಶಕದಲ್ಲಿ ಪೂಲ್ ಕಳಚಿತು. ಅದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಕರಟಿತು, ದರ ಏರಿ ಸಿದ್ದಾಪುರದಲ್ಲಿ ಹೊಸ ಜೀಪುಗಳು ಓಡಿದವು. 2001ರ ಸುಮಾರಿಗೆ ದರ ನೆಲ ಕಚ್ಚಿದಾಗ ಅದೇ ಜೀಪುಗಳಿಗೆ ಗಿರಾಕಿ ಹುಡುಕಬೇಕಾಯಿತು. ಇದು ದರದ ಚಕ್ರ. ಮಳೆಯ ಚಕ್ರ ಬೇರೆಯೇ ತಿರುಗುತ್ತದೆ: ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಕ್ಕೆ ಒಂದಿಂಚು ಹೂಮಳೆ, ಮೂರು ವಾರದೊಳಗೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಬೇಕು. ಅರ್ಧ ಇಂಚಿಗೇ ಮೋಡ ಸರಿದರೆ ಮೊಗ್ಗು ಅರೆಬರೆ ಅರಳಿ ಕೆಡುತ್ತದೆ. ಕೆರೆಯಿದ್ದವರು ಸ್ಪ್ರಿಂಕ್ಲರ್ ಹಾಕಿ ಡೀಸೆಲ್ ಸುಟ್ಟು ಏರಿಳಿತವನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ಇವರೇ ಕೆಂಪಿಗೆ ಕಟ್ಟುವ ವರ್ಗ. ಅರೇಬಿಕಾವನ್ನೇ ನಂಬಿ ಬಿಳಿ ಕಾಂಡಕೊರಕದ ಜತೆ ಬಾಳುವವರು ಒಂಟಿ ಸಂಖ್ಯೆಯವರು.

ಅತ್ಯುಗ್ರ ವರ್ಗ ಶುಂಠಿಯದು. ಗದ್ದೆಯನ್ನು ಗುತ್ತಿಗೆಗೆ ಹಿಡಿದು, ಕೊಳೆರೋಗ ಮತ್ತು ಮಾರುಕಟ್ಟೆ ಎರಡನ್ನೂ ಏಕಕಾಲಕ್ಕೆ ಎದುರಿಸುವ ಈ ಆಟದಲ್ಲಿ ಒಂದು ವರ್ಷ ಮನೆ ಏಳುತ್ತದೆ, ಮರುವರ್ಷ ಅದೇ ಮನೆ ಅಡವು ಬೀಳುತ್ತದೆ. ಇದರ ಮುಂದೆ ಲಾಟರಿ ಸೌಮ್ಯ: ಕರ್ನಾಟಕದಲ್ಲಿ 2007ರಿಂದ ನಿಷೇಧವಿದ್ದರೂ ಕುಟ್ಟ ದಾಟಿದರೆ ಕೇರಳ. 2024ರಲ್ಲಿ ಅಲ್ಲಿನ ಓಣಂ ಬಂಪರ್ ಚೀಟಿಗೆ 500 ರೂಪಾಯಿ ಇತ್ತು, ಮೊದಲ ಬಹುಮಾನ 25 ಕೋಟಿ. ಆ ವರ್ಷ ಅದು ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂತು. ಪಾಂಡವರ ಹೆಸರಿನ ಊರಿಗೆ ತಡವಾಗಿಯಾದರೂ ಪರಿಹಾರ ಸಿಕ್ಕಿತೆಂದು ಈ ಲೇಖಕನ ಊಹೆ. ಲಾಟರಿಯಲ್ಲಿ ಹೋದರೆ ಚೀಟಿಯ ಬೆಲೆಯಷ್ಟೇ. ಶುಂಠಿ ಬೀಜ, ಗೊಬ್ಬರ, ಕೂಲಿ, ಗುತ್ತಿಗೆ ಎಲ್ಲವನ್ನೂ ಕೇಳುತ್ತದೆ.

ಹಾಗಾಗಿ ನಿರ್ಣಯ: ಮಾರ್ಚಿನಲ್ಲಿ ಮುಗಿಲು ನೋಡದೆ ಊಟ ಮುಗಿಸಬಲ್ಲವನು ಯಾವ ಆಟಕ್ಕೂ ಅರ್ಹ. ಅಂಥವನು ಈ ಜಿಲ್ಲೆಯಲ್ಲಿ ಈವರೆಗೆ ಪತ್ತೆಯಾಗಿಲ್ಲ. ಮಿಕ್ಕವರು ಗೋವಾಕ್ಕೆ ಹೊರಡುವ ಮೊದಲು ಬೆಳೆಸಾಲದ ಕಂತು ಕಟ್ಟತಕ್ಕದ್ದು. ಕಟ್ಟಿದ ಮೇಲೆ ದುಡ್ಡು ಉಳಿಯದ ಕಾರಣ ಪ್ರಯಾಣದ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.