ಅಗ್ಗಿಷ್ಟಿಕೆಯ ಮರ: ಗುಜರಿ ಮೀಮಾಂಸೆಗೊಂದು ಪ್ರವೇಶಿಕೆ

ಈ ವಿಷಯದ ಮೇಲೆ ಕನ್ನಡದಲ್ಲಿ ಈವರೆಗೆ ಸಮಗ್ರ ಅಧ್ಯಯನ ನಡೆದಿಲ್ಲ. ಈ ವಾಕ್ಯವಿಲ್ಲದ ಪ್ರಬಂಧದ ಎರಡನೇ ಪುಟವನ್ನು ಪರೀಕ್ಷಕರು ತೆರೆಯುವುದಿಲ್ಲವಾದ್ದರಿಂದ ಅದನ್ನು ಮೊದಲಿಗೇ ಬರೆದು ನಿರಾಳನಾಗಿದ್ದೇನೆ. ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರಬೇಕೆಂದು ಹಿರಿಯರು ವಿಧಿಸಿದ್ದಾರೆ. ವಿಷಯ: ಕ್ವೀನ್ ಎಂಬ ಇಂಗ್ಲಿಷ್ ರಾಕ್ ಮೇಳದ ಗಿಟಾರುವಾದಕ ಬ್ರಯನ್ ಮೇ. ಪ್ರಯೋಜನ: ಇಲ್ಲ. ಸಂಬಂಧ: ಮುಂದೆ ಬರುವ ಪಿಎಚ್.ಡಿ. ಪ್ರಸಂಗವೊಂದನ್ನು ಬಿಟ್ಟರೆ ಆತನಿಗೂ ನನಗೂ ಇಲ್ಲ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಮುರಿದ ಛತ್ರಿಯ ಕಡ್ಡಿ, ಕೆಟ್ಟ ಗಡಿಯಾರದ ಮುಳ್ಳು, ಯಾವ ಬೀಗದ್ದೆಂದು ಮರೆತುಹೋದ ಕೀಲಿಕೈ ಇವನ್ನೆಲ್ಲ "ಇರ್ಲಿ, ಬೇಕಾಗುತ್ತೆ" ಎಂದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡವನು.

ಕವಿಚರಿತೆಯ ಪದ್ಧತಿಯಂತೆ ಕಾಲ, ದೇಶ, ಮತಗಳ ನಿರ್ಣಯ ಆಗಬೇಕು. ಕಾಲದ ಬಗ್ಗೆ ಜಗಳಕ್ಕೆ ಎಡೆಯೇ ಇಲ್ಲದಿರುವುದು ಸಂಶೋಧಕನ ದುರ್ದೈವ: 1947ರ ಜುಲೈ 19. ನಮಗೆ ಸ್ವಾತಂತ್ರ್ಯ ಬರಲು ಆಗ 27 ದಿನ ಬಾಕಿ. ಈ ಎರಡು ಸಂಗತಿಗಳ ನಡುವೆ ನಂಟು ಕಲ್ಪಿಸಲು ಒಂದು ವಾರ ಹೆಣಗಿ ಸೋತೆ. ದೇಶ: ಲಂಡನ್ನಿನ ನೈಋತ್ಯದ ಅಂಚಿನ ಹ್ಯಾಂಪ್ಟನ್. ಮತ: ಈತ ಗುಜರಿ ಮತಸ್ಥ. ಕೈಯಲ್ಲಿರುವುದನ್ನು ಎಸೆಯಬಾರದು, ಬೇರೆಯವರು ಎಸೆದದ್ದನ್ನು ಬಿಡಬಾರದು ಎಂಬುದು ಈ ಮತದ ಸಾರ. ಮತಸ್ಥಾಪಕರು ಯಾರೆಂದು ತಿಳಿಯದು. ನಮ್ಮ ಅಜ್ಜಿಯೂ ಇದೇ ಮತದವಳಾಗಿದ್ದಳು.

ಕೂದಲಿನ ಬಗ್ಗೆ ಪ್ರತ್ಯೇಕ ಅಧ್ಯಾಯವನ್ನೇ ಯೋಜಿಸಿದ್ದೆ. ಅರ್ಧ ಶತಮಾನದಿಂದ ಗುಂಗುರಾಗಿ ಹಾಗೇ ಇದೆ, ಅದನ್ನೂ ಈತ ಎಸೆದಿಲ್ಲ ಎಂಬಲ್ಲಿಗೆ ಅಧ್ಯಾಯ ಮುಗಿದುಹೋಯಿತು.

ಈಗ ಮುಖ್ಯ ಪ್ರಮಾಣಕ್ಕೆ ಬರೋಣ. 1963ರ ಆಗಸ್ಟ್. ಹುಡುಗನಿಗೆ 16 ವರ್ಷ. ಅಂಗಡಿಯ ಫೆಂಡರ್, ಗಿಬ್ಸನ್ ಗಿಟಾರುಗಳ ಬೆಲೆಚೀಟಿಯನ್ನು ಕಿಟಕಿಯ ಗಾಜಿನಾಚೆ ನಿಂತು ಓದಬಹುದಿತ್ತು, ಅಷ್ಟೆ. ಅಪ್ಪ ಹೆರಾಲ್ಡ್ ಮೇ ವಿಮಾನಯಾನ ಇಲಾಖೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದವರು. ಅಪ್ಪ ಮಗ ಇಬ್ಬರೂ ಮನೆಯ ಒಂದು ಕೋಣೆಯಲ್ಲಿ ಕೂತು, ಕೈಹತಾರಗಳಿಂದಲೇ ಗಿಟಾರು ಮಾಡಲು ಶುರುಮಾಡಿದರು. ಕತ್ತಿಗೆ ಬಳಸಿದ್ದು ಪರಿಚಿತರ ಮನೆಯಲ್ಲಿ ಕಿತ್ತುಹಾಕುತ್ತಿದ್ದ, ನೂರು ವರ್ಷಕ್ಕೂ ಹಳೆಯದಾದ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟು. ಒಡಲಿಗೆ ಹಳೆ ಮೇಜಿನ ಓಕ್ ಮರ. ತಂತಿಯ ಬಿಗಿಯನ್ನು ಕ್ಷಣಮಾತ್ರ ಸಡಿಲಿಸಿ ಸ್ವರವನ್ನು ಅಲುಗಿಸುವ ಯಂತ್ರಕ್ಕೆ ಹಳೆ ಚಾಕುವಿನ ಅಲಗು, ಮೋಟರ್‌ಸೈಕಲ್ಲಿನ ವಾಲ್ವಿನಿಂದ ಬಿಚ್ಚಿದ ಎರಡು ಸ್ಪ್ರಿಂಗು. ಅದನ್ನು ಒತ್ತುವ ಹಿಡಿ ಸೈಕಲ್ಲಿನ ಸೀಟಿನ ಹಿಂದೆ ಚೀಲ ತೂಗುಹಾಕುವ ಕಂಬಿ. ಅದರ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಣುಕು. ಎಲ್ಲಿ ಬೆರಳಿಡಬೇಕೆಂದು ತೋರಿಸುವ ಬಿಳಿ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಒಟ್ಟು ಖರ್ಚು ಸುಮಾರು 8 ಪೌಂಡ್. ಹಿಡಿದ ಕಾಲ ಒಂದು ವರ್ಷಕ್ಕೂ ಮಿಗಿಲು. ಹೆಸರು ರೆಡ್ ಸ್ಪೆಷಲ್; ಮನೆಮಾತಿನಲ್ಲಿ 'ಓಲ್ಡ್ ಲೇಡಿ', ಅಂದರೆ ಮುದುಕಮ್ಮ.

ಇಲ್ಲಿ ಒಂದು ನ್ಯಾಯಶಾಸ್ತ್ರದ ತೊಡಕಿದೆ. ಗುಂಡಿಗಳೂ ಹೆಣಿಗೆ ಕಡ್ಡಿಯೂ ತಾಯಿಯ ಸ್ವಂತ ಡಬ್ಬಿಯವು. ಕಲ್ಯಾಣದ ನಮ್ಮ ವಿಜ್ಞಾನೇಶ್ವರನ ಮಿತಾಕ್ಷರದ ದೃಷ್ಟಿಯಿಂದ ನೋಡಿದರೆ ಗಿಟಾರಿನ ಅಷ್ಟು ಭಾಗ ಸ್ತ್ರೀಧನವಾಗುತ್ತದೆ, ಅದರ ಮೇಲೆ ಮಗನಿಗೆ ಜನ್ಮಸಿದ್ಧ ಹಕ್ಕು ಬಾರದು. ಈ ವ್ಯಾಜ್ಯವನ್ನು ಯಾವ ನ್ಯಾಯಾಲಯವೂ ಎತ್ತಿಕೊಂಡಿಲ್ಲ.

ಇನ್ನೊಂದು ಸೂಕ್ಷ್ಮ. ಆ ಅಗ್ಗಿಷ್ಟಿಕೆಯ ಮರದಲ್ಲಿ ಹುಳು ಕೊರೆದ ತೂತುಗಳಿದ್ದವು. ತಾಳೆಗರಿಯಲ್ಲಿ ಹುಳು ತಿಂದ ಜಾಗ ಸಿಕ್ಕಿದರೆ ನಾವು ಚುಕ್ಕಿಗಳನ್ನಿಟ್ಟು 'ಇಲ್ಲಿ ಗ್ರಂಥಪಾತವಾಗಿದೆ' ಎಂದು ಟಿಪ್ಪಣಿ ಬರೆಯುತ್ತೇವೆ, ಆಮೇಲೆ ಆ ಚುಕ್ಕಿಗಳ ಮೇಲೆ ಮೂವರು ವಿದ್ವಾಂಸರು ಮೂವತ್ತು ವರ್ಷ ಬಾಳುತ್ತಾರೆ. ಈತ ತೂತಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದ. ಗ್ರಂಥಸಂಪಾದನೆಯ ಇತಿಹಾಸದಲ್ಲಿ ಇಷ್ಟು ಅಗ್ಗದ ಪಾಠಪರಿಷ್ಕರಣೆ ಮತ್ತೊಂದಿಲ್ಲ.

ಮೆಟ್ಟಿಲುಗಳು 24. ನಮ್ಮ ಸರಸ್ವತಿ ವೀಣೆಗೂ 24. ಆದ್ದರಿಂದ ಈ ವಾದ್ಯ ಮೂಲತಃ ನಮ್ಮದೇ ಎಂದು ಸಾಧಿಸಿಬಿಡಬಹುದು. ಸದ್ಯಕ್ಕೆ ಬಿಟ್ಟಿದ್ದೇನೆ, ಆ ಕೆಲಸಕ್ಕೆ ಬೇರೆಯವರು ಪೂರ್ಣಾವಧಿ ನೇಮಕವಾಗಿದ್ದಾರೆ.

ಪೂರ್ವಪಕ್ಷ: "ಬಡ ಹುಡುಗ ಮನೆಯ ಗುಜರಿಯಿಂದ ವಾದ್ಯ ಮಾಡಿಕೊಂಡದ್ದು ಬಡತನದ ಲಕ್ಷಣವೇ ಹೊರತು ಮತದ ಲಕ್ಷಣವಲ್ಲ. ದುಡ್ಡು ಬಂದ ಮೇಲೆ ಏನು ಮಾಡಿದ, ಹೇಳಿ." ಪೂರ್ವಪಕ್ಷಿಯ ಪ್ರಶ್ನೆ ಒಳ್ಳೆಯದೇ. ಸಿದ್ಧಾಂತ: ದುಡ್ಡು ಬಂದ ಮೇಲೂ ಅದೇ ಗಿಟಾರು. 1985ರಲ್ಲಿ ವೆಂಬ್ಲಿಯ ಲೈವ್ ಏಡ್ ಕಛೇರಿಯಲ್ಲಿ ಅದೇ. 2002ರಲ್ಲಿ ರಾಣಿಯ ಸುವರ್ಣ ಮಹೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ರಾಷ್ಟ್ರಗೀತೆ ನುಡಿಸಿದ್ದೂ ಅದರಲ್ಲೇ. ಅಗ್ಗಿಷ್ಟಿಕೆಯೊಂದು ತನ್ನ ಹೊಗೆಯ ದಾರಿ ಹಿಡಿದು ಅರಮನೆಯ ಮಾಡು ಹತ್ತಿದ ಉದಾಹರಣೆ ಪುರಾಣಗಳಲ್ಲೂ ಸಿಕ್ಕುವುದಿಲ್ಲ. ಎಪ್ಪತ್ತು ದಾಟಿದ ಮೇಲೂ ಈತ ಮೇಳ ಕಟ್ಟಿಕೊಂಡು ಖಂಡಖಂಡ ತಿರುಗಾಟ ಮಾಡಿದ್ದಾನೆ. 2024ರ ಫೆಬ್ರವರಿಯಲ್ಲಿ ಟೋಕಿಯೋ ತನಕ. ಮುದುಕಮ್ಮ ಜೊತೆಗೇ ಇದ್ದಳು.

ಮೀಟುವ ಪಿಕ್ಕಿನದು ಇದಕ್ಕಿಂತ ಬಲವಾದ ಸಾಕ್ಷ್ಯ. ಲೋಕದ ಗಿಟಾರುವಾದಕರು ಪ್ಲಾಸ್ಟಿಕ್ಕಿನ ಪಿಕ್ ಹಿಡಿದರೆ ಈತ ಹಿಡಿಯುವುದು ಆರು ಪೆನ್ನಿಯ ಬಿಲ್ಲೆ. ಪ್ಲಾಸ್ಟಿಕ್ ಬಾಗುತ್ತದೆ, ನಾಣ್ಯ ಬಾಗುವುದಿಲ್ಲ, ಹಾಗಾಗಿ ಬೆರಳಿನ ಒಂದೊಂದು ಅಲುಗಾಟವೂ ನೇರ ತಂತಿಗೆ ಇಳಿಯುತ್ತದೆ. ಅಂಚಿನ ಹಲ್ಲುಗಳು ತಂತಿಗೆ ತಾಗುವಾಗ ಒಂದು ಗರಗರ ಬೇರೆ. 1980ರಲ್ಲಿ ಸರ್ಕಾರ ಈ ಬಿಲ್ಲೆಯನ್ನು ಚಲಾವಣೆಯಿಂದ ತೆಗೆದುಹಾಕಿತು. ಅಂದಿನಿಂದ ಅದು ಅಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆಯನ್ನೂ ಕೊಳ್ಳಲಾರದ ಗುಜರಿ. ಈತನ ಕೈಯಲ್ಲಿ ಮಾತ್ರ ನಡೆಯುತ್ತದೆ. 1993ರಲ್ಲಿ ಈತನ ತಿರುಗಾಟಕ್ಕೆಂದೇ ರಾಯಲ್ ಮಿಂಟ್ ವಿಶೇಷವಾಗಿ ಆರು ಪೆನ್ನಿಗಳನ್ನು ಟಂಕಿಸಿಕೊಟ್ಟಿತು. ರದ್ದಾದ ನಾಣ್ಯವನ್ನು ಟಂಕಸಾಲೆಯಿಂದಲೇ ಮತ್ತೆ ಹೊಡೆಸಿದವನನ್ನು ಗುಜರಿ ಮತದ ಆಚಾರ್ಯನೆನ್ನದೆ ಏನೆನ್ನಬೇಕು? ನಮ್ಮಲ್ಲಿ 2016ರ ನವೆಂಬರಿನಲ್ಲಿ ಸಾಲು ನಿಂತವರು ಈ ಪ್ರಶ್ನೆಯನ್ನು ಆತುರದಿಂದ ಉತ್ತರಿಸಬಾರದು.

ಧ್ವನಿವರ್ಧಕಗಳಲ್ಲಿ ವಾಕ್ಸ್ ಕಂಪನಿಯ ಎಸಿ30 ಎಂಬ ವಾಲ್ವಿನ ಪೆಟ್ಟಿಗೆಗಳು ರಂಗದ ಹಿಂದೆ ಗೋಡೆಯಂತೆ ನಿಲ್ಲುತ್ತವೆ. ಅದು ಕೊಂಡ ಸಾಮಾನು, ನನ್ನ ವಾದಕ್ಕೆ ಉಪಯೋಗವಿಲ್ಲ. ಉಪಯೋಗವಿರುವುದು ಮೇಳದ ಇನ್ನೊಬ್ಬ ಸದಸ್ಯ ಜಾನ್ ಡೀಕನ್ 1972ರಲ್ಲಿ ಲಂಡನ್ನಿನ ಬೀದಿಬದಿಯ ಕಸದ ತೊಟ್ಟಿಯಿಂದ ಎತ್ತಿಕೊಂಡು ಬಂದ ಸರ್ಕಿಟ್ ಹಲಗೆ. ಅದನ್ನು ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ 9 ವೋಲ್ಟಿನ ಬ್ಯಾಟರಿ ಸಿಕ್ಕಿಸಿದ. ಯಾವುದೋ ಪುಟ್ಟ ರೇಡಿಯೋದ ಕರುಳು ಅದು. ಮೇ ಅದಕ್ಕೆ ಗಿಟಾರು ಜೋಡಿಸಿ ಒಂದರ ಮೇಲೊಂದು ಪದರ ಧ್ವನಿಮುದ್ರಿಸಿದಾಗ ಪಿಟೀಲು, ಕ್ಲಾರಿನೆಟ್, ತುತ್ತೂರಿ ಎಲ್ಲ ಕೇಳಿಬಂದವು. 1975ರ 'ಗುಡ್ ಕಂಪನಿ' ಹಾಡಿನಲ್ಲಿ ಒಂದು ಇಡೀ ಜಾಝ್ ವಾದ್ಯಮೇಳ ನುಡಿಯುತ್ತದೆ. ಇರುವುದು ಕಸದ ತೊಟ್ಟಿಯ ಹಲಗೆ ಮತ್ತು ಅಗ್ಗಿಷ್ಟಿಕೆಯ ಗಿಟಾರು. ತಿರುಗಾಟಕ್ಕೆ ಅಷ್ಟು ಪದರ ಹೊತ್ತೊಯ್ಯಲಾಗದು ನೋಡಿ, ಅದಕ್ಕೆ ಪ್ರತಿಧ್ವನಿ ಯಂತ್ರ: ತಾನು ಒಂದು ಪಲುಕು ನುಡಿಸಿ, ಅದು ಅರೆಗಳಿಗೆ ತಡೆದು ಮರಳುವಾಗ ಅದರ ಜೊತೆಗೆ ಮುಂದಿನದನ್ನು ನುಡಿಸುವುದು. ಮುಮ್ಮೇಳವೂ ತಾನೇ, ಹಿಮ್ಮೇಳವೂ ತಾನೇ. ಸಂಬಳದ ಉಳಿತಾಯದ ಲೆಕ್ಕ ನಮ್ಮ ಮೇಳಗಳ ಯಜಮಾನರಿಗೆ ಥಟ್ಟನೆ ಹೊಳೆದೀತು. 1977ರ 'ವಿ ವಿಲ್ ರಾಕ್ ಯೂ' ಹಾಡಿನ ಆ ಕಾಲ್ತುಳಿತ ಚಪ್ಪಾಳೆಗಳೂ, ಹಿಂದೆ ಚರ್ಚಾಗಿದ್ದ ಸ್ಟುಡಿಯೋದಲ್ಲಿ ಬಿದ್ದಿದ್ದ ಹಳೆ ಹಲಗೆಗಳ ಮೇಲೆ ಕುಣಿದು ತೆಗೆದದ್ದು. ಕೆಲವೇ ಜನರ ತುಳಿತ ಸಾವಿರ ಜನರದಾಗಿ ಕೇಳಲೆಂದು ಈತ ಪ್ರತಿಧ್ವನಿಯ ಅಂತರಗಳನ್ನು ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಇಟ್ಟ. ಭೌತಶಾಸ್ತ್ರ ಓದಿದವನ ಕೈಗೆ ಹಲಗೆ ಸಿಕ್ಕಿದರೆ ಆಗುವುದು ಹೀಗೆ.

ಓದಿದ್ದ ಹೌದು, ಮುಗಿಸಿರಲಿಲ್ಲ. ಈ ಪ್ರಬಂಧದ ಹೃದಯಸ್ಥಾನ ಇದೇ. ವೈಯಕ್ತಿಕ ಕಾರಣಗಳಿಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರಬೇಕಾಗಿದೆ.

ಸೌರಮಂಡಲದ ಗ್ರಹಗಳ ನಡುವೆ ಒಂದು ತೆಳುವಾದ ಧೂಳಿನ ಮೋಡವಿದೆ. ಕತ್ತಲೆ ಚೆನ್ನಾಗಿರುವ ಊರಿನಲ್ಲಿ, ಬೆಳಗಿನ ಜಾವಕ್ಕೆ ಮುಂಚೆ ಅಥವಾ ಸಂಜೆಗತ್ತಲ ನಂತರ, ಸೂರ್ಯನ ಬೆಳಕು ಆ ಧೂಳಿಗೆ ತಾಗಿ ದಿಗಂತದಿಂದ ಮೇಲಕ್ಕೆ ಗೋಪುರದಂಥ ಮಸುಕು ಬೆಳಕಾಗಿ ಕಾಣುತ್ತದೆ. ಆ ಧೂಳು ಯಾವ ವೇಗದಲ್ಲಿ ಎತ್ತ ಓಡುತ್ತಿದೆ ಎಂಬುದು ಇಂಪೀರಿಯಲ್ ಕಾಲೇಜಿನಲ್ಲಿ 1970ರಲ್ಲಿ ಈತ ಹಿಡಿದ ಸಂಶೋಧನೆಯ ವಿಷಯ. ಟೆನರೀಫ್ ದ್ವೀಪದ ಬೆಟ್ಟದ ಮೇಲೆ ರಾತ್ರಿಗಳನ್ನು ಕಳೆದು ಅಳತೆಗಳನ್ನು ತೆಗೆದ. ಅಷ್ಟರಲ್ಲಿ ಮೇಳಕ್ಕೆ ಹೆಸರು ಬಂತು, ಪ್ರಬಂಧ ಅಟ್ಟ ಸೇರಿತು. ಅಪ್ಪನಿಗೆ ಇದು ನುಂಗಲಾರದ ತುತ್ತಾಯಿತು. ಗಿಟಾರು ಕಟ್ಟಿಕೊಟ್ಟ ಕೈಯೇ ಗಿಟಾರಿನ ಮೇಲೆ ಮುನಿಸಿಕೊಂಡಿತು. ಮುಂದೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಗನ ಕಛೇರಿ ಕಣ್ಣಾರೆ ಕಂಡ ಮೇಲೆ ಮುನಿಸು ಕರಗಿತಂತೆ.

2007ರಲ್ಲಿ, ಹಿಡಿದು 37 ವರ್ಷಗಳಾದ ಮೇಲೆ, ಈತ ಪ್ರಬಂಧವನ್ನು ಪೂರೈಸಿ ಡಾಕ್ಟರೇಟ್ ಪಡೆದ. ಅಷ್ಟು ಕಾಲ ಆ ಧೂಳಿನ ತಂಟೆಗೆ ಹೆಚ್ಚು ಮಂದಿ ಹೋಗಿರದಿದ್ದುದು ಇದನ್ನು ಸಾಧ್ಯಮಾಡಿತು. ಧೂಳು ಹಿಡಿದ ಧೂಳಿನ ಪ್ರಬಂಧ! ಗುಜರಿ ಮತಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ನನ್ನಿಂದ ಕೊಡಲಾಗದು. ಈಗ 52665 ಎಂಬ ಸಂಖ್ಯೆಯ ಕ್ಷುದ್ರಗ್ರಹಕ್ಕೆ ಈತನ ಹೆಸರು.

ನನ್ನದು ಶಾಸನಗಳಲ್ಲಿ ಬರುವ ಅಳತೆಗೋಲುಗಳ ಮೇಲಿನ ಪ್ರಬಂಧ. ನೋಂದಾಯಿಸಿ 19 ವರ್ಷವಾಯಿತು. ಮಾರ್ಗದರ್ಶಕರು ನಿವೃತ್ತರಾದರು, ವಿಭಾಗದಲ್ಲಿ ಈಗ ನನ್ನ ಗುರುತು ಹಿಡಿಯುವವರು ಕ್ಯಾಂಟೀನಿನವರೊಬ್ಬರೇ. ಮೇ ಅವರ ದಾಖಲೆಯಂತೆ ನನಗಿನ್ನೂ 18 ವರ್ಷಗಳ ಅವಕಾಶವಿದೆ. (ಇಲ್ಲಿ 'ಅವರ' ಎಂಬ ಗೌರವವಾಚಕ ಬಂದಿರುವುದನ್ನು ವಿಮರ್ಶಕರು ಗಮನಿಸಬೇಕು.)

ಕೊನೆಯದಾಗಿ, ಎಸೆದ ವಸ್ತುಗಳ ಮೇಲಿನ ಈ ಪ್ರೀತಿ ಎಸೆಯಲ್ಪಟ್ಟ ಪ್ರಾಣಿಗಳಿಗೂ ವ್ಯಾಪಿಸಿದ ಬಗೆ. 2010ರಲ್ಲಿ ಈತ ನರಿ, ಬ್ಯಾಜರ್‌ಗಳ ರಕ್ಷಣೆಗೆ 'ಸೇವ್ ಮಿ' ಎಂಬ ಟ್ರಸ್ಟ್ ಕಟ್ಟಿದ. ಹೆಸರು ಕೂಡ ತನ್ನದೇ ಹಳೆ ಹಾಡಿನದು. ಬ್ಯಾಜರ್ ಎಂದರೆ ಮುಖಕ್ಕೆ ಕಪ್ಪು ಬಿಳಿ ಪಟ್ಟೆ ಬಳಿದುಕೊಂಡು ರಾತ್ರಿ ಓಡಾಡುವ, ನೆಲ ತೋಡಿ ಬದುಕುವ ಪ್ರಾಣಿ; ನಮ್ಮ ಕಾಡಿನ ತರಕರಡಿಗೆ ದೂರದ ದಾಯಾದಿ. ಹಸುಗಳಿಗೆ ಕ್ಷಯರೋಗ ಹರಡುತ್ತದೆಂಬ ಆಪಾದನೆಯ ಮೇಲೆ 2013ರಲ್ಲಿ ಇಂಗ್ಲೆಂಡಿನಲ್ಲಿ ಇವನ್ನು ಕೊಲ್ಲಲು ಶುರುಮಾಡಿದರು. ಲೆಕ್ಕ 2 ಲಕ್ಷ ದಾಟಿದೆ. ಕೊಟ್ಟಿಗೆಯ ಹಸುಗಳನ್ನೆಲ್ಲ ಕಸಾಯಿಖಾನೆಗೆ ಕಳಿಸಬೇಕಾಗಿ ಬಂದ ರೈತನಿಗೆ ಗಿಟಾರಿನವನೊಬ್ಬ ಬಂದು ಪಾಠ ಹೇಳಿದರೆ ಸಿಟ್ಟು ಬರುವುದು ಸಹಜ, ಬಂದೂ ಬಂತು. ಈತ ಮಾತ್ರ ಘೋಷಣೆಗೆ ನಿಲ್ಲಿಸಲಿಲ್ಲ. ಪಶುವೈದ್ಯರೊಡನೆ ಡೆವನ್ ಪ್ರಾಂತ್ಯದ ಒಂದು ಡೈರಿ ಫಾರ್ಮಿನಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿಸಿದ. ರೋಗ ಮುಖ್ಯವಾಗಿ ಹಸುವಿನಿಂದ ಹಸುವಿಗೆ, ಸಗಣಿಯ ಮೂಲಕ ಹಬ್ಬುತ್ತದೆ, ಮಾಮೂಲಿ ತಪಾಸಣೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ ಎಂಬುದು ಅವರ ವಾದ. ಒಂದು ಹಂತದಲ್ಲಿ ಜಗತ್ಪ್ರಸಿದ್ಧ ರಾಕ್ ತಾರೆಯ ಚಿಂತೆಯೆಲ್ಲ ಸಗಣಿಯ ಸುತ್ತ ತಿರುಗಿತು. ಆಕಾಶದ ಧೂಳಿನಿಂದ ಕೊಟ್ಟಿಗೆಯ ಸಗಣಿಗೆ ಇಳಿದದ್ದನ್ನು ಅವನತಿ ಎನ್ನುವವರು ಗುಜರಿ ಮತವನ್ನು ಇನ್ನೂ ಅರ್ಥಮಾಡಿಕೊಂಡಿಲ್ಲ. 2023ರಲ್ಲಿ ಅರಸ ಈತನನ್ನು 'ಸರ್' ಮಾಡಿದ. ಬ್ಯಾಜರ್‌ಗಳಿಗೆ ಅಂಥದ್ದೇನೂ ಸಿಕ್ಕಿಲ್ಲ.

ಈ ಹಂತದಲ್ಲಿ ಹಳೆಯ ಸ್ಟೀರಿಯೋ ಛಾಯಾಚಿತ್ರಗಳ ಮೇಲಿನ ಈತನ ಮೋಹವನ್ನು ಕುರಿತು ದೀರ್ಘವಾದೊಂದು ಪರಿಶಿಷ್ಟ ಬರಬೇಕಿತ್ತು. ಆದರೆ ಬೀದಿಯಲ್ಲಿ "ಪೇಪರ್, ಖಾಲಿ ಬಾಟ್ಲಿ" ಎಂಬ ಕೂಗು ನಮ್ಮ ಗೇಟಿನ ಎದುರೇ ನಿಂತಿದೆ. ತಕ್ಕಡಿಯ ಸರಪಳಿ ಸದ್ದೂ ಕೇಳುತ್ತಿದೆ. ಒಳಗಿನಿಂದ ಮನೆಯವಳು, "ರೀ, ಅಟ್ಟದ ಮೇಲಿನ ಆ ಹಳದಿ ಚೀಲ ಹಾಕ್ಬಿಡ್ಲಾ? ಬರೀ ಜಿರಳೆ" ಎನ್ನುತ್ತಿದ್ದಾಳೆ. ಹಳದಿ ಚೀಲದಲ್ಲಿರುವುದು ನನ್ನ ಮೂರನೆಯ ಅಧ್ಯಾಯ.