ಠೇಕಾದ ಮ್ಯಾಲಿನ ಅಮೆರಿಕ

ನಮ್ಮ ಸೇಡಂ ಕಡೆ ಮನುಷ್ಯನ ಪೂರ್ವಾಪರ ತಿಳಿಯಲು ಎರಡೇ ಪ್ರಶ್ನೆ: "ಯಾರ ಪೈಕಿ?", "ಯಾವ ಕಂಪನಿ?" ಮೊದಲನೆಯದಕ್ಕೆ ಅಜ್ಜನ ಹೆಸರು ಸಾಕು. ಎರಡನೆಯದಕ್ಕೆ ಮಂದಿ ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಎಂದು ಯಾವುದೋ ಒಂದು ಸಿಮೆಂಟಿನ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಐಟಿ ಕೆಲಸಕ್ಕಿರುವ ನನಗೆ ಮಾತ್ರ ಎರಡು ಕಪ್ ಚಹಾ ಮುಗಿದರೂ ಉತ್ತರ ಮುಗಿಯುವುದಿಲ್ಲ.

ನಾನು ಕೂರುವುದು ಒಂದು ಬ್ಯಾಂಕಿನಲ್ಲಿ, ಆದರೆ ಬ್ಯಾಂಕಿನವನಲ್ಲ. ಬ್ಯಾಂಕು ಹಣ ಕೊಡುವುದು ದೊಡ್ಡ ವೆಂಡರಿಗೆ. ಅವನು ತನ್ನ ಪಾಲು ಮುರಿದುಕೊಂಡು ಸಣ್ಣ ವೆಂಡರಿಗೆ, ಅವನು ಇನ್ನಷ್ಟು ಮುರಿದುಕೊಂಡು ನನ್ನ ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕಿದ ಕನ್ಸಲ್ಟೆನ್ಸಿಗೆ. ಶಹಾಬಾದಿನ ಖಣಿಯ ಫರಸಿಯಂತೆ ಪದರಿನ ಮೇಲೆ ಪದರು; ಎಲ್ಲಕ್ಕಿಂತ ಕೆಳಗೆ ನಾನು.

ವಿದ್ಯಾವಂತ ಗೆಳೆಯರಿಗೆ ಅರ್ಥವಾಗದ ಈ ಕಥೆ ವಾಡಿಯ ಕಾಕಾಗೆ ಒಂದೇ ನಿಮಿಷದಲ್ಲಿ ತಿಳಿಯಿತು. ಜೀವಮಾನವಿಡೀ ಒಂದು ಕಾರ್ಖಾನೆಯಲ್ಲಿ ಠೇಕೇದಾರನ ಕೈಕೆಳಗೆ ಚೀಲ ಹೊತ್ತವರು ಅವರು.

"ಗೇಟ್ ಪಾಸಿನ ಬಣ್ಣ ಬ್ಯಾರೆ ಅದ ಏನು?"

"ಬ್ಯಾರೆ ಅದ ಕಾಕಾ."

"ಹಬ್ಬದ ಮಿಠಾಯಿ?"

"ಕಾಯಂ ಮಂದಿಗಷ್ಟ."

ಕಾಕಾ ಸಮಾಧಾನದಿಂದ ಎಲೆಗೆ ಸುಣ್ಣ ಸವರಿದರು. ಅಮೆರಿಕದ ಮೇಲೆ ಅವರಿಗಿದ್ದ ಅಂಜಿಕೆ ಅಂದೇ ಹೋಯಿತು.

ಪ್ರಾಜೆಕ್ಟ್ ಇಲ್ಲದಿದ್ದರೆ ನಮ್ಮನ್ನು "ಬೆಂಚಿನ ಮೇಲೆ" ಎನ್ನುತ್ತಾರೆ. ಆ ದಿನಗಳಿಗೂ ಎಚ್-1ಬಿ ನೌಕರನಿಗೆ ಪಗಾರ ಕೊಡಬೇಕೆಂಬುದು ಅಲ್ಲಿನ ಕಾನೂನು ಎಂದೆ. "ಗುತ್ತಿಗೆ ಕಾರ್ಮಿಕರ ಕಾನೂನು ನಮ್ಮಲ್ಲೂ 1970ರಾಗೇ ಬಂದಿತ್ತಪ್ಪಾ," ಎಂದು ಕಾಕಾ ಎಲೆ ಮಡಚಿದರು. ಮುಂದೆ ಹೇಳಲು ನನ್ನಲ್ಲೂ ಏನೂ ಇರಲಿಲ್ಲ.

ಈ ವೀಸಾ 1990ರ ಕಾಯ್ದೆಯ ಕೂಸು. ವರ್ಷಕ್ಕೆ 65,000, ಅಲ್ಲೇ ಸ್ನಾತಕೋತ್ತರ ಓದಿದವರಿಗೆ ಇನ್ನೂ 20,000. ಅರ್ಜಿ ಹೆಚ್ಚಾದರೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಅದಕ್ಕೇ ನಮ್ಮ ಕಡೆಯ ಹುಡುಗರು ರೈಲು ಹತ್ತಿ ಹೈದರಾಬಾದಿಗೆ ಹೋಗಿ, ಅಲ್ಲಿಂದ ಚಿಲುಕೂರು ಬಾಲಾಜಿಯ ಗುಡಿ ಮುಟ್ಟುತ್ತಾರೆ. ಬೇಡಿಕೊಳ್ಳಲು 11 ಸುತ್ತು, ಕೈಗೂಡಿದರೆ 108. ಸುತ್ತು ಎಣಿಸುವ ಚೀಟಿ ಕೈಯಲ್ಲಿ ಹಿಡಿದು ಓಡುವ ಎಂಜಿನಿಯರುಗಳನ್ನು ಕಂಡರೆ ಕೋಡಿಂಗಿಗಿಂತ ಕಾಲು ಗಟ್ಟಿಯಿರಬೇಕು ಅನಿಸುತ್ತದೆ.

2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಎಂದು ಟ್ರಂಪ್ ಸಾಹೇಬರು ಸಾರಿದಾಗ ಚಿತ್ತಾಪುರದ ಮಾಮಾ ಫೋನಿನಲ್ಲಿ ಧೈರ್ಯ ತುಂಬಿದರು: "ಲಕ್ಷ ಏನ್ ದೊಡ್ಡದು? ಈ ಸಲದ ತೊಗರಿ ಮಾರಿದ್ರ ಆಯ್ತು." ಡಾಲರನ್ನು ರೂಪಾಯಿ ಮಾಡಿ ಹೇಳಿದೆ. ಲೈನ್ ಕಟ್ಟಾಯಿತು.

ಕಾಕಾರ ಕೊನೆಯ ಪ್ರಶ್ನೆ: "ಕಾಯಂ ಯಾವಾಗ ಆಗ್ತಿ?" ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ, ನಮ್ಮವರ ಸಾಲು ಮೈಲುಗಟ್ಟಲೆ. ಯಾವ ತಾರೀಖಿನ ಅರ್ಜಿಯವರೆಗೆ ಸಾಲು ಸರಿದಿದೆ ಎಂದು ತಿಂಗಳಿಗೊಮ್ಮೆ ಪಟ್ಟಿ ಬರುತ್ತದೆ, ಒಮ್ಮೊಮ್ಮೆ ಆ ತಾರೀಖು ಹಿಂದಕ್ಕೂ ಹೋಗುತ್ತದೆ ಎಂದೆ. "ವಾಡಿ ಜಂಕ್ಷನ್ನಿನಾಗ ಗಾಡಿ ತಡಾ ಆಗಿದ್ದು ನೋಡೀನಿ. ಬಂದ ಊರಿಗೇ ಹೊಳ್ಳಿ ಹೋಗಿದ್ದು ನೋಡಿಲ್ಲ," ಎಂದರು.

ಅವರು ಇದನ್ನು ಇಷ್ಟಕ್ಕೇ ಬಿಡಬೇಕಿತ್ತು. ಚಿಂಚೋಳಿಯಿಂದ ನನಗೆ ಸಂಬಂಧ ಕೇಳಿ ಬಂದವರ ಮುಂದೆ ಎಲ್ಲವನ್ನೂ ವಿವರಿಸಿದರು. ಹುಡುಗಿಯ ತಂದೆ ಮರ್ಯಾದಸ್ತರು; ಚಹಾ ಕುಡಿದೇ ಎದ್ದರು. "ಹುಡುಗ ಛಲೋ ಅದಾನ್ರಿ. ಆದ್ರ ಜೆಸ್ಕಾಂದಾಗ ಒಬ್ಬ ಲೈನ್‌ಮನ್ ಅದಾನ, ಅವ ಕಾಯಂ."